ಯಾವಾಗಲೂ ಎರಡನೇ ಸ್ಥಾನ ಬರುವ ಹುಡುಗಿಗೆ ಸ್ಮಿರ್ನೋವ್ ಬಗ್ಗೆ ಏನು ಹೇಳಲಿ?

ಗುಡಿಬಂಡೆ ಪಿಟಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಗುಡಿಬಂಡೆ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. 28 ವರ್ಷದ ಸರ್ವೀಸು. ಕೇಳುತ್ತಿರುವುದು ಕಾಲಿಗೆ ಸ್ಕೀ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಓಡುವ ಆಟದ ಬಗ್ಗೆ, ಕ್ರಾಸ್-ಕಂಟ್ರಿ ಸ್ಕೀ ಅನ್ನುತ್ತಾರೆ. ನಮ್ಮ ಮಕ್ಕಳಿಗೆ ಹಿಮ ಅಂದರೆ ಡಿಸೆಂಬರ್ ಬೆಳಗ್ಗೆ ಅಮಾನಿ ಭೈರಸಾಗರ ಕೆರೆಯ ಮೇಲೆ ಕೂರುವ ಮಂಜು, ಅಷ್ಟೇ. ಆದರೂ ಯಾಕೆ ಕೇಳುತ್ತಿದ್ದೇನೆ ಅಂತ ಪೂರ್ತಿ ಹೇಳಿಬಿಡುತ್ತೇನೆ. ಉತ್ತರ ಕೊಡುವವರಿಗೂ ಸುಲಭ ಆಗುತ್ತದೆ.

ನನ್ನ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ. ಬಿ.ಪಿ.ಎಡ್ ಓದುವ ಕಾಲದಲ್ಲಿ ಪೇಪರಿನ ಆಟದ ಪುಟದಿಂದ ಚಿತ್ರ ಕತ್ತರಿಸಿ ಅದಕ್ಕೆ ಅಂಟಿಸುತ್ತಿದ್ದೆ. 1994ರ ಚಳಿಗಾಲದ ಒಲಿಂಪಿಕ್ಸ್‌ನ ಒಂದು ಚಿತ್ರದಲ್ಲಿ ಒಬ್ಬ ಮನುಷ್ಯ. ಎರಡು ಕೈಯಲ್ಲೂ ಕೋಲು, ಕಾಲಿಗೆ ಉದ್ದನೆಯ ಪಟ್ಟಿ, ಬಾಯಿ ತೆರೆದು ಉಸಿರು ಬಿಡುತ್ತಿದ್ದಾರೆ. ಕೆಳಗೆ ನಾಲ್ಕೇ ಸಾಲು. ವ್ಲಾದಿಮಿರ್ ಸ್ಮಿರ್ನೋವ್, ಕಜಕಿಸ್ತಾನ, 50 ಕಿ.ಮೀ., ಚಿನ್ನ. ಅದೇ ಕೂಟದಲ್ಲಿ ಅದಕ್ಕೆ ಮೊದಲು ಎರಡು ಸಲ ಬೆಳ್ಳಿ ಬಂದಿತ್ತು ಅಂತಲೂ ಇದೆ. ಅಂಟು ಹಳದಿಯಾಗಿ ಮೂಲೆ ಕಿತ್ತು ಬಂದಿದೆ. ಆಗ ಸುಮ್ನೆ ಅಂಟಿಸಿದ್ದು. ಈಗ ಬೇಕಾಗಿದೆ.

ನಮ್ಮ ಶಾಲೆಯಲ್ಲಿ ಹತ್ತನೇ ಕ್ಲಾಸಿನ ಹುಡುಗಿ ಒಬ್ಬಳಿದ್ದಾಳೆ. 1500 ಮೀಟರ್ ಓಡುತ್ತಾಳೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು ಸೊಪ್ಪು ಕೊಯ್ದು ಹುಳುಗಳಿಗೆ ಹಾಕಿ, ಆಮೇಲೆ ಕೆರೆ ಏರಿಯ ಮೇಲೆ ಓಡಿಕೊಂಡೇ ಶಾಲೆಗೆ ಬರುತ್ತಾಳೆ. ನನ್ನ ಸರ್ವೀಸಿನಲ್ಲಿ ಇಂಥ ಓಟಗಾರ್ತಿಯನ್ನು ನಾನು ಕಂಡಿಲ್ಲ. ಆದರೆ ಮೂರು ವರ್ಷದಿಂದ ಜಿಲ್ಲಾ ಮಟ್ಟದಲ್ಲಿ ಎರಡನೇ ಸ್ಥಾನ. ಗೆಲ್ಲುವವಳು ಪ್ರತಿ ಸಲ ಅದೇ ಹುಡುಗಿ, ಬೇರೆ ತಾಲ್ಲೂಕಿನವಳು. ನಮ್ಮವಳು 1400 ಮೀಟರ್‌ವರೆಗೂ ಮುಂದೆ ಇರುತ್ತಾಳೆ. ಕೊನೆಯ ನೂರರಲ್ಲಿ ಆ ಹುಡುಗಿ ಪಕ್ಕಕ್ಕೆ ಬಂದು ದಾಟಿಬಿಡುತ್ತಾಳೆ.

ಈ ಸಲ ಇನ್ನೂ ಬೇಜಾರಾಯಿತು. ಇಬ್ಬರೂ ಎದೆಗೆ ಎದೆ ಕೊಟ್ಟು ಗೆರೆ ದಾಟಿದರು. ಮೊದಲು ನಮ್ಮವಳ ಕೈಗೆ ಒಂದನೇ ನಂಬರಿನ ಚೀಟಿ ಕೊಟ್ಟರು. ಎರಡು ನಿಮಿಷ ಆದ ಮೇಲೆ ತೀರ್ಪುಗಾರರು ಮಾತಾಡಿಕೊಂಡು ಚೀಟಿ ಬದಲಾಯಿಸಿದರು. ನಾನು ನಿಂತಿದ್ದ ಕಡೆಯಿಂದ ನನಗೂ ಸರಿಯಾಗಿ ಕಾಣಲಿಲ್ಲ. ಹಾಗಾಗಿ ಅವರು ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ಆದರೆ ಆ ಹುಡುಗಿಯ ಮುಖ ನೋಡಿದ್ದೇನೆ. ಮರುದಿನದಿಂದ ಅಭ್ಯಾಸಕ್ಕೆ ಬಂದಿಲ್ಲ. ಕೇಳಿದರೆ "ಹುಳು ಮೂರನೇ ಜ್ವರ ಎದ್ದಿದೆ ಸಾರ್, ಸೊಪ್ಪು ಜಾಸ್ತಿ ಬೇಕು" ಅನ್ನುತ್ತಾಳೆ. ಹುಳು ಜ್ವರ ಎದ್ದಿರುವುದು, ಅಂದರೆ ಪೊರೆ ಬಿಟ್ಟಿರುವುದು, ನಿಜ. ಆದರೆ ಅದೊಂದೇ ಕಾರಣ ಅಲ್ಲ ಅಂತ ಇಬ್ಬರಿಗೂ ಗೊತ್ತು.

ಈಗ ನನ್ನ ಪ್ರಶ್ನೆ. ಈ ಸ್ಮಿರ್ನೋವ್ ಯಾರು? ಜೀವನಪೂರ್ತಿ ಎರಡನೆಯವರಾಗಿದ್ದು ಕೊನೆಗೆ ಗೆದ್ದವರಾ? ಆ 50 ಕಿ.ಮೀ.ನಲ್ಲಿ ಬೇರೆ ಏನು ಮಾಡಿದರು? ಈ ಆಟ ನಡೆಯುವುದಾದರೂ ಹೇಗೆ? ಇದನ್ನು ಹತ್ತಿರದಿಂದ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಹುಡುಗಿ ಬುದ್ಧಿವಂತೆ. ಸುಮ್ನೆ ಕಟ್ಟಿದ ಕಥೆ ಹೇಳಿದರೆ ಒಂದೇ ನಿಮಿಷದಲ್ಲಿ ಹಿಡಿಯುತ್ತಾಳೆ.


ಕೋಲಾರದ ಡಾಕ್ಟರ್:

ಮೇಷ್ಟ್ರೇ, ನಿಮ್ಮ ಪ್ರಶ್ನೆ ನೋಡಿ ಊಟ ಬಿಟ್ಟು ಬರೆಯಲು ಕೂತಿದ್ದೇನೆ. ನಾನು ಎಂಬಿಬಿಎಸ್ ಓದಿದ್ದು ಕಜಕಿಸ್ತಾನದ ಕರಗಂಡದಲ್ಲಿ. ಕಲ್ಲಿದ್ದಲಿನ ಊರು. ಚಳಿಗಾಲ ಅಂದರೆ ಮೈನಸ್ 25 ಮಾಮೂಲಿ. ಕೋಲಾರದಿಂದ ಹೋದ ನನಗೆ ಮೊದಲನೇ ನವೆಂಬರ್‌ನಲ್ಲಿ ಮೂಗಿನ ಒಳಗಿನ ಕೂದಲು ಗಟ್ಟಿಯಾದದ್ದು ಈಗಲೂ ನೆನಪಿದೆ. ಒಂದೇ ಸಮಾಧಾನ ಅಂದರೆ ಅಲ್ಲಿಯ ಜನ ಚಹಾಕ್ಕೆ ನಮ್ಮ ಹಾಗೇ ಹಾಲು ಹಾಕುತ್ತಾರೆ.

ನಮಗೆ ಸ್ಕೀ ಕಲಿಸಿದವರು ಒಬ್ಬ ವಯಸ್ಸಾದ ವ್ಯಾಯಾಮ ಮೇಷ್ಟ್ರು. ನಿಮ್ಮಂಥವರೇ. ಸ್ಮಿರ್ನೋವ್ ಹೆಸರು ಎತ್ತಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಕೂತು ಮಾತಾಡುತ್ತಿದ್ದರು. ನನಗೆ ಗೊತ್ತಿರುವುದರಲ್ಲಿ ಅರ್ಧ ಅವರಿಂದಲೇ ಬಂದಿದ್ದು.

ಮೊದಲು ಒಂದು ತಿದ್ದುಪಡಿ. ಸ್ಮಿರ್ನೋವ್ ಯಾವಾಗಲೂ ಎರಡನೆಯವರಾಗಿರಲಿಲ್ಲ. ಹುಟ್ಟಿದ್ದು 1964ರ ಮಾರ್ಚ್‌ನಲ್ಲಿ, ಕಜಕಿಸ್ತಾನದ ಉತ್ತರಕ್ಕಿರುವ ಶ್ಚುಚಿನ್ಸ್ಕ್ ಅನ್ನುವ ಸಣ್ಣ ಊರಿನಲ್ಲಿ. ಬುರಾಬಾಯ್ ಸರೋವರದ ಹತ್ತಿರ, ಸುತ್ತ ಪೈನ್ ಕಾಡು, ಗುಡ್ಡ. ಕಜಕಿಸ್ತಾನ ಅಂದರೆ ಬರೀ ಬಯಲು ಅಂದುಕೊಳ್ಳುತ್ತಾರೆ, ಅಲ್ಲಿ ಹಾಗಲ್ಲ. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಒಕ್ಕೂಟದ ಪರವಾಗಿ 30 ಕಿ.ಮೀ.ನಲ್ಲಿ ಬೆಳ್ಳಿ, 15 ಕಿ.ಮೀ.ನಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ. ಮರುವರ್ಷ ಫಿನ್ಲೆಂಡಿನ ಲಾಹ್ತಿಯಲ್ಲಿ 30 ಕಿ.ಮೀ. ವಿಶ್ವ ಚಾಂಪಿಯನ್. 1991ರಲ್ಲಿ ಇಡೀ ಸೀಸನ್ನಿನ ವಿಶ್ವಕಪ್ ಅವರದೇ. ಅಂದರೆ ಗೆಲ್ಲುವುದು ಹೇಗೆ ಅಂತ ಚೆನ್ನಾಗಿ ಗೊತ್ತಿದ್ದ ಮನುಷ್ಯ. ಒಲಿಂಪಿಕ್ ಚಿನ್ನ ಒಂದು ಮಾತ್ರ ಕೈಗೆ ಸಿಕ್ಕಿರಲಿಲ್ಲ.

ಆಮೇಲೆ ದೇಶವೇ ಒಡೆಯಿತು. 1991ರ ಡಿಸೆಂಬರ್‌ನಲ್ಲಿ ಕಜಕಿಸ್ತಾನ ಬೇರೆಯಾಯಿತು. ಎರಡೇ ತಿಂಗಳಿಗೆ 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್. ಹಳೇ ಸೋವಿಯತ್ ಆಟಗಾರರು ಒಂದು ಜಂಟಿ ತಂಡ ಮಾಡಿಕೊಂಡು, ಒಲಿಂಪಿಕ್ ಬಾವುಟದ ಕೆಳಗೆ ಆಡಿದರು. ಸ್ಮಿರ್ನೋವ್‌ಗೆ ಒಂದು ಪದಕವೂ ಬರಲಿಲ್ಲ. ಊರಲ್ಲಿ ತರಬೇತಿ ನಡೆಸುವ ವ್ಯವಸ್ಥೆಯೇ ಕುಸಿದಿತ್ತು. ಅವರು ಸ್ವೀಡನ್ನಿನ ಸುಂಡ್ಸ್‌ವಾಲ್ ಅನ್ನುವ ಊರಿಗೆ ಸಂಸಾರ ಸಮೇತ ಹೋಗಿ ನೆಲೆಸಿದರು. ಅಲ್ಲಿದ್ದುಕೊಂಡೇ ಕಜಕಿಸ್ತಾನಕ್ಕೆ ಆಡಿದರು.

ಈಗ ನಿಮ್ಮ ಹುಡುಗಿಯ ಚೀಟಿ ವಿಷಯಕ್ಕೆ ಬರುತ್ತೇನೆ. ಅದನ್ನು ಓದಿದಾಗ ನನಗೆ ಮೈ ಜುಮ್ ಅಂದಿತು. 1993, ಸ್ವೀಡನ್ನಿನ ಫಾಲುನ್, ವಿಶ್ವ ಚಾಂಪಿಯನ್‌ಷಿಪ್. ಸ್ಮಿರ್ನೋವ್ ಮತ್ತು ನಾರ್ವೆಯ ಬ್ಯೋರ್ನ್ ಡೇಲಿ ಒಟ್ಟಿಗೇ ಗೆರೆ ಮುಟ್ಟಿದರು. ಸ್ಮಿರ್ನೋವ್ ಗೆದ್ದರು ಅಂತಲೇ ಮೊದಲು ಅಂದುಕೊಂಡರು. ಆಮೇಲೆ ಫೋಟೊ ಬಂತು. ಡೇಲಿ ಗೆದ್ದಿದ್ದರು. ಚೀಟಿ ಬದಲಾದದ್ದು ನಿಮ್ಮ ಹುಡುಗಿಗೆ ಒಬ್ಬಳಿಗೇ ಅಲ್ಲ ಅಂತ ಹೇಳಿ. ಇದು ಕಟ್ಟಿದ ಕಥೆಯಲ್ಲ.

ಈ ಡೇಲಿ ಯಾರು ಅಂದರೆ, ಒಟ್ಟು 8 ಒಲಿಂಪಿಕ್ ಚಿನ್ನ ಗೆದ್ದವರು. ಅಂಥವರ ಕಾಲದಲ್ಲಿ ಹುಟ್ಟುವುದು ಎಷ್ಟು ಕಷ್ಟ ನೋಡಿ. ಫಾಲುನ್ ಆಗಿ ಒಂದು ವರ್ಷಕ್ಕೆ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್. ಡೇಲಿಯ ದೇಶ, ಡೇಲಿಯ ಜನ. 10 ಕಿ.ಮೀ.ನಲ್ಲಿ ಸ್ಮಿರ್ನೋವ್ 18 ಸೆಕೆಂಡ್ ಹಿಂದೆ, ಬೆಳ್ಳಿ. ಅದರ ಮುಂದಿನ ಓಟ ಬೆನ್ನಟ್ಟುವ ಓಟ. ಮೊದಲನೆಯದರಲ್ಲಿ ಎಷ್ಟು ಹಿಂದಿದ್ದಿರೋ ಅಷ್ಟೇ ಸೆಕೆಂಡ್ ತಡವಾಗಿ ಹೊರಡಬೇಕು. ಡೇಲಿ ಹೊರಟು 18 ಸೆಕೆಂಡ್ ಆದ ಮೇಲೆ ಸ್ಮಿರ್ನೋವ್ ಹೊರಟರು. ಗೆರೆ ಮುಟ್ಟುವಾಗ ಅಂತರ ಅರ್ಧ ನಿಮಿಷ ಆಗಿತ್ತು. ಮತ್ತೆ ಬೆಳ್ಳಿ.

ಆಟಗಳ ಕೊನೆಯ ದಿನ, ಫೆಬ್ರವರಿ 27, 50 ಕಿ.ಮೀ. ಚಿಕ್ಕಬಳ್ಳಾಪುರದಿಂದ ಹತ್ತಿರತ್ತಿರ ಹೆಬ್ಬಾಳದವರೆಗೆ ಅಂದುಕೊಳ್ಳಿ. ಅದೂ ಏರು ಇಳಿತ ತುಂಬಿದ ಕಾಡಿನ ದಾರಿ. ಸ್ಮಿರ್ನೋವ್ 2 ಗಂಟೆ 7 ನಿಮಿಷ 20 ಸೆಕೆಂಡಿಗೆ ಮುಗಿಸಿದರು. ಎರಡನೆಯವರು ಫಿನ್ಲೆಂಡಿನ ಮಿಕಾ ಮಿಲಿಲಾ, ಒಂದು ನಿಮಿಷಕ್ಕಿಂತ ಜಾಸ್ತಿ ಹಿಂದೆ. ಮೂರನೆಯವರು ನಾರ್ವೆಯ ಸ್ತೂರೆ ಸಿವರ್ಟ್‌ಸನ್. ಡೇಲಿ ಮೊದಲ ಮೂವರಲ್ಲಿ ಇರಲೇ ಇಲ್ಲ. ಆದರೂ ನಾರ್ವೆ ಜನ ತಮ್ಮ ಮನೆಯವರೇ ಗೆದ್ದ ಹಾಗೆ ಕೂಗಿದರು. ಎರಡು ಸಲ ಸೋತದ್ದನ್ನು ಅವರೂ ಕಣ್ಣಾರೆ ನೋಡಿದ್ದರಲ್ವಾ.

ನಮ್ಮ ಕರಗಂಡದ ಮೇಷ್ಟ್ರು ಆ ದಿನದ ಬಗ್ಗೆ ಹೇಳುತ್ತಿದ್ದರು. ದೇಶದ ಹೊಸ ದುಡ್ಡು ಟೆಂಗೆ ಬಂದು ಆಗ ಮೂರು ತಿಂಗಳು. ಸಂಬಳ ಸರಿಯಾಗಿ ಬರುತ್ತಿರಲಿಲ್ಲ. ಮನೆಯೊಳಗೇ ಕೋಟು ಹಾಕಿಕೊಂಡು, ಪಕ್ಕದ ಮನೆಯವರನ್ನೂ ಕೂರಿಸಿಕೊಂಡು ಟಿವಿ ನೋಡಿದರಂತೆ. ಸ್ವತಂತ್ರ ಕಜಕಿಸ್ತಾನಕ್ಕೆ ಅದು ಮೊದಲನೇ ಒಲಿಂಪಿಕ್ ಚಿನ್ನ. ಆ ಕೂಟದಲ್ಲಿ ದೇಶಕ್ಕೆ ಬಂದ ಮೂರು ಪದಕವೂ ಈ ಒಬ್ಬರದೇ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ. ಆ ದಿನ ಬೇರೆ ಏನಿತ್ತು? ಆ 50 ಕಿ.ಮೀ.ನಲ್ಲಿ ಎಲ್ಲರೂ ಒಟ್ಟಿಗೆ ಹೊರಡಲಿಲ್ಲ. 30 ಸೆಕೆಂಡಿಗೆ ಒಬ್ಬರಂತೆ ಬಿಟ್ಟರು. ಗೆಲ್ಲುವವರು ಗಡಿಯಾರದ ಮೇಲೆ ಗೆಲ್ಲಬೇಕಿತ್ತು. ಇಂಥ ಓಟದಲ್ಲಿ ಎದುರಾಳಿ ಪಕ್ಕದಲ್ಲಿ ಇರುವುದೇ ಇಲ್ಲ. ಮರದ ಹತ್ತಿರ ನಿಂತ ಕೋಚು "ನೀನು ಇಷ್ಟು ಸೆಕೆಂಡ್ ಮುಂದೆ" ಅಂತ ಕೂಗುತ್ತಾನೆ, ಅಷ್ಟೇ. ಕೊನೆಯ ನೂರು ಮೀಟರಿನಲ್ಲಿ ಯಾರೋ ಬಂದು ದಾಟುವ ಪ್ರಶ್ನೆ ಬರುವುದಿಲ್ಲ. ತನ್ನ ಲಯದಲ್ಲಿ ಎರಡು ಗಂಟೆ ಒಂದೇ ಸಮ ಹೋಗಬಲ್ಲವರು ಮುಂದೆ ಬರುತ್ತಾರೆ.

ಇನ್ನೊಂದು, ಅದು ಕ್ಲಾಸಿಕಲ್ ಶೈಲಿ. ಹಿಮದಲ್ಲಿ ಎರಡು ಸಮಾನ ಗಾಡಿಜಾಡು ಕೊರೆದಿರುತ್ತಾರೆ, ಅದರೊಳಗೇ ಕಾಲು ಹಾಕಿ ಹೋಗಬೇಕು. ಇದರ ಗುಟ್ಟನ್ನು ನನಗೆ ಮೇಷ್ಟ್ರು ಒಂದು ಕಾಗದದಲ್ಲಿ ತೋರಿಸಿಕೊಟ್ಟರು. ಸ್ಕೀ ಪಟ್ಟಿಯ ನಡುಭಾಗ ಬಿಲ್ಲಿನ ಹಾಗೆ ಸ್ವಲ್ಪ ಎದ್ದಿರುತ್ತದೆ. ಎರಡೂ ಪಟ್ಟಿಯ ಮೇಲೆ ಸಮ ಭಾರ ಬಿಟ್ಟು ನಿಂತಾಗ ಪಾದದ ಕೆಳಗೆ ಒಂದು ಹಾಳೆ ತೂರಿಸಿದರೆ ಸಲೀಸಾಗಿ ಹಿಂದೆ ಮುಂದೆ ಓಡುತ್ತದೆ. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿದರೆ ಹಾಳೆ ಕಚ್ಚಿಕೊಳ್ಳುತ್ತದೆ. ಎಳೆದರೂ ಬರುವುದಿಲ್ಲ. ಆ ನಡುಭಾಗಕ್ಕೆ ಮಾತ್ರ ಅಂಟು ಮೇಣ ಹಚ್ಚಿ, ಬೆಂಡಿನ ತುಂಡಿನಿಂದ ಉಜ್ಜಿ ಉಜ್ಜಿ ನಯ ಮಾಡುತ್ತಾರೆ. ಕಾಲು ಒತ್ತಿದ ಕ್ಷಣ ಮೇಣ ಹಿಮವನ್ನು ಹಿಡಿಯುತ್ತದೆ, ಮುಂದಕ್ಕೆ ಒದೆಯಬಹುದು. ಭಾರ ತೆಗೆದ ಕೂಡಲೇ ನಡು ಮೇಲೇಳುತ್ತದೆ, ಪಟ್ಟಿ ಜಾರುತ್ತದೆ. ಒತ್ತು, ಜಾರು. ಒತ್ತು, ಜಾರು. ಮೇಣ ಜಾಸ್ತಿ ಮೆತ್ತಗಾದರೆ ಹಿಮ ಗಡ್ಡೆಕಟ್ಟಿ ಅಂಟಿಕೊಳ್ಳುತ್ತದೆ. ಜಾಸ್ತಿ ಗಟ್ಟಿಯಾದರೆ ಏರಿನಲ್ಲಿ ಕಾಲು ಹಿಂದಕ್ಕೆ ಜಾರುತ್ತದೆ. ನಾನು ಮೊದಲ ವಾರ ಪೂರ್ತಿ ಹಿಂದಕ್ಕೇ ಜಾರಿದೆ. ಸ್ಮಿರ್ನೋವ್ ಈ ಶೈಲಿಯಲ್ಲಿ ಪಳಗಿದವರು. ಲಾಹ್ತಿಯ 30 ಕಿ.ಮೀ. ಚಿನ್ನವೂ ಕ್ಲಾಸಿಕಲ್ ಶೈಲಿಯದೇ.

ನಾನು ಕೋಚ್ ಅಲ್ಲ. ಆದರೆ ಒಂದು ಮಾತು ಕೇಳಲಾ? ನಿಮ್ಮ ಹುಡುಗಿ 1400 ಮೀಟರ್‌ವರೆಗೆ ಮುಂದೆ ಇರುತ್ತಾಳೆ ಅಂತ ನೀವೇ ಬರೆದಿದ್ದೀರಿ. ಸೋಲುವುದು ಕೊನೆಯ ಜಿಗಿತದಲ್ಲಿ. ಅವಳನ್ನು 3000 ಮೀಟರಿಗೆ, ಗುಡ್ಡಗಾಡು ಓಟಕ್ಕೆ ಯಾವತ್ತಾದರೂ ಹಾಕಿ ನೋಡಿದ್ದೀರಾ? ಸೋತರೂ ಬಿಡಬೇಡ ಅಂತ ಅವಳಿಗೆ ಎಲ್ಲರೂ ಹೇಳಿರುತ್ತಾರೆ. ಓಟವೇ ಬೇರೆ ಇರಬಹುದು ಅಂತ ಯಾರೂ ಹೇಳಿರಲಿಕ್ಕಿಲ್ಲ.


ಮಧುಗಿರಿ ಮಾಜಿ ಹವಾಲ್ದಾರ್:

ಮೇಷ್ಟ್ರಿಗೆ ನಮಸ್ಕಾರ. ನಾನು ತುಮಕೂರು ಜಿಲ್ಲೆಯವನು. ಸೈನ್ಯದಲ್ಲಿದ್ದಾಗ ಗುಲ್ಮಾರ್ಗ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಅಲ್ಲಿ ಸೇನೆಯ ಎತ್ತರ ಪ್ರದೇಶದ ಯುದ್ಧ ಶಾಲೆ ಇದೆ. ನಮ್ಮ ದೇಶದ ಈ ಆಟಗಾರರಲ್ಲಿ ಸುಮಾರು ಜನ ಸೈನಿಕರೇ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ 15 ಕಿ.ಮೀ. ಓಡಿದ ಜಗದೀಶ್ ಸಿಂಗ್ ಸೈನ್ಯದವರು.

ಡಾಕ್ಟರ್ ಹೇಳಿದ್ದು ಸರಿ. ಕೈಕಾಲಿನ ಲೆಕ್ಕ ಮಕ್ಕಳಿಗೆ ಹೀಗೆ ಹೇಳಿ. ಪರೇಡಿನಲ್ಲಿ ಎಡಗಾಲಿನ ಜೊತೆ ಬಲಗೈ ಬರುತ್ತದಲ್ಲ, ಅದೇ. ಕೈಯಲ್ಲಿ ಕೋಲು ಇರುತ್ತದೆ, ಅಷ್ಟೇ ವ್ಯತ್ಯಾಸ. ಹಿಮ್ಮಡಿ ಮಾತ್ರ ಕಟ್ಟಿರುವುದಿಲ್ಲ, ಪಾದದ ತುದಿ ಒಂದೇ ಪಟ್ಟಿಗೆ ಸೇರಿರುತ್ತದೆ. ಮೊದಲ ದಿನ ಕಾಲು ನೋಯುತ್ತದೆ ಅಂದುಕೊಂಡಿದ್ದೆ. ನೋವು ಬಂದಿದ್ದು ತೋಳಿನ ಹಿಂಭಾಗಕ್ಕೆ ಮತ್ತು ಹೊಟ್ಟೆಗೆ. ಇಡೀ ಮೈ ದುಡಿಯುವ ಆಟ ಇದು.

ಹಿಮ ಇಲ್ಲದ ತಿಂಗಳುಗಳಲ್ಲಿ ಇವರು ಏನು ಮಾಡುತ್ತಾರೆ ಅಂತ ಮಕ್ಕಳು ಕೇಳಬಹುದು. ಚಕ್ರ ಇರುವ ಗಿಡ್ಡ ಪಟ್ಟಿ ಕಟ್ಟಿಕೊಂಡು ಟಾರ್ ರೋಡಿನಲ್ಲಿ ಹೋಗುತ್ತಾರೆ. ಇಲ್ಲದಿದ್ದರೆ ಕೈಯಲ್ಲಿ ಕೋಲು ಹಿಡಿದು ಗುಡ್ಡ ಹತ್ತಿ ಓಡುತ್ತಾರೆ. ಇದಕ್ಕೆ ದುಡ್ಡು ಬೇಡ. ನಿಮಗೆ ಗುಡಿಬಂಡೆ ಕೋಟೆ ಬೆಟ್ಟವೇ ಇದೆ. ಎರಡು ಬಿದಿರು ಕೋಲು ಕೊಟ್ಟು ವಾರಕ್ಕೆ ಒಂದು ದಿನ ಹತ್ತಿಸಿ. ಇಳಿಯುವಾಗ ಮಾತ್ರ ಓಡಿಸಬೇಡಿ, ಮಂಡಿಗೆ ಪೆಟ್ಟು.

ನಮ್ಮ ರಾಜ್ಯದವರ ಹೆಸರೂ ಹೇಳಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇದೇ ಆಟ ಆಡುತ್ತಾರೆ. 2025ರ ಹಾರ್ಬಿನ್ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ಭಾರತದ ತಂಡದಲ್ಲಿದ್ದರು. ಕೊಡಗಿನಲ್ಲಿ ಎಲ್ಲಿಯ ಹಿಮ? ಹುಡುಗಿಗೆ ಸ್ಮಿರ್ನೋವ್‌ಗಿಂತ ಇವರು ಹತ್ತಿರ ಅನ್ನಿಸಬಹುದು.


ಚಿಂತಾಮಣಿ ಅಕ್ಕ:

ಮೇಷ್ಟ್ರೇ, ತಪ್ಪು ತಿಳಿಯಬೇಡಿ. ನಾನೂ ಓಡುತ್ತಿದ್ದವಳು. 800 ಮೀಟರ್. ಹತ್ತನೇ ಕ್ಲಾಸಿಗೆ ನಿಂತು ಹೋಯಿತು. ನೀವೆಲ್ಲ ಬರೆದದ್ದು ಓದಿ ಖುಷಿಯಾಯಿತು, ಆದರೆ ಒಬ್ಬರೂ ಒಂದು ವಿಷಯ ಕೇಳಲಿಲ್ಲ. ಆ ಮಗು ಬೆಳಗ್ಗೆ ಐದಕ್ಕೆ ಎದ್ದು ಸೊಪ್ಪು ಕೊಯ್ದು ಓಡಿಕೊಂಡು ಬರುವಾಗ ಹೊಟ್ಟೆಗೆ ಏನು ತಿಂದಿರುತ್ತಾಳೆ?

ನನಗೂ ಕೊನೆಯ ನೂರು ಮೀಟರಿನಲ್ಲೇ ಕಣ್ಣು ಕತ್ತಲೆ ಬರುತ್ತಿತ್ತು. ಮನಸ್ಸು ಗಟ್ಟಿ ಇಲ್ಲ ಅಂತ ಬೈಸಿಕೊಂಡೆ. ಮದುವೆಯಾಗಿ ಮೊದಲ ಬಸುರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಮೈಯಲ್ಲಿ ರಕ್ತವೇ ಇರಲಿಲ್ಲ. ಎಷ್ಟು ವರ್ಷದಿಂದ ಹಾಗಿತ್ತೋ. ಕಥೆ ಆಮೇಲೆ ಹೇಳಿ. ಮೊದಲು ಅವಳ ರಕ್ತ ನೋಡಿಸಿ. ಮತ್ತೆ ಅವಳ ಅಮ್ಮನ ಹತ್ತಿರ ಹೋಗಿ ಮಾತಾಡಿ, ಅಪ್ಪನ ಹತ್ತಿರ ಅಲ್ಲ.


ಕೋಲಾರದ ಡಾಕ್ಟರ್:

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಡಾಕ್ಟರಾಗಿ ನಾನು ಮೊದಲು ಬರೆಯಬೇಕಾಗಿದ್ದ ಮಾತು ಇದು. ದೂರದ ಓಟ ಅಂದರೆ ರಕ್ತದ ಆಟ. ಆಮ್ಲಜನಕವನ್ನು ಮಾಂಸಖಂಡಕ್ಕೆ ಹೊತ್ತು ಒಯ್ಯುವುದು ಹಿಮೋಗ್ಲೋಬಿನ್. ಅದು ಕಡಿಮೆಯಿದ್ದರೆ ಎಂಥ ಗಟ್ಟಿ ಮನಸ್ಸಿನವರಿಗೂ ಕೊನೆಯಲ್ಲಿ ಕಾಲು ಕಲ್ಲಾಗುತ್ತದೆ.

ಎಷ್ಟು ದೊಡ್ಡ ವಿಷಯ ಅಂದರೆ, ಈ ಆಟದಲ್ಲಿ ಮೋಸ ಮಾಡುವವರು ಕೈ ಹಾಕುವುದೂ ರಕ್ತಕ್ಕೇ. ಸ್ಮಿರ್ನೋವ್ ಆದ ಮೇಲೆ ಕಜಕಿಸ್ತಾನದ ದೊಡ್ಡ ಹೆಸರು ಅಲೆಕ್ಸಿ ಪೊಲ್ತೊರಾನಿನ್. 2019ರಲ್ಲಿ ಆಸ್ಟ್ರಿಯಾದ ಸೀಫೆಲ್ಡ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯುವಾಗಲೇ ಪೊಲೀಸರು ಹಿಡಿದರು. ತನ್ನದೇ ರಕ್ತ ತೆಗೆಸಿಟ್ಟು ಓಟಕ್ಕೆ ಮೊದಲು ಮತ್ತೆ ಮೈಗೆ ಏರಿಸಿಕೊಳ್ಳುವ ದಂಧೆ. ಒಪ್ಪಿಕೊಂಡರು. ನಾಲ್ಕು ವರ್ಷ ನಿಷೇಧ. ಕರಗಂಡದ ಗೆಳೆಯರು ಆ ರಾತ್ರಿ ಫೋನ್ ಮಾಡಿ ಅತ್ತಿದ್ದರು. ಅಂಗಡಿಯಲ್ಲಿ ಮಾರುವ ಯಾವ ಪುಡಿಯನ್ನೂ ಹುಡುಗಿಗೆ ಕೊಡಬೇಡಿ ಅಂತ ಇದೇ ಕಾರಣಕ್ಕೆ ಹೇಳುತ್ತೇನೆ.

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಆ ವಯಸ್ಸಿನ ಹುಡುಗಿಗೆ 12 ಆದರೂ ಇರಬೇಕು. ಶಾಲೆಯಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ, ನುಂಗುತ್ತಾಳಾ ಇಲ್ಲವಾ ಅಂತ ಕೇಳಿ. ಮಾತ್ರೆ ತೆಗೆದುಕೊಂಡ ಹಿಂದೆ ಮುಂದೆ ಕಾಫಿ, ಟೀ ಬೇಡ. ನಿಂಬೆಹಣ್ಣು, ನೆಲ್ಲಿಕಾಯಿ ಒಳ್ಳೆಯದು. ರಾಗಿ, ಹುರುಳಿ, ಸೊಪ್ಪು ನಮ್ಮ ಕಡೆ ಹೇಗೂ ಇದೆ. ರಕ್ತ ತುಂಬಾ ಕಡಿಮೆ ಇದ್ದರೆ ವಾರಕ್ಕೊಂದು ಮಾತ್ರೆ ಸಾಲುವುದಿಲ್ಲ, ಅಲ್ಲಿಯ ಡಾಕ್ಟರು ಹೇಳಿದ ಹಾಗೆ ಕೇಳಿ. ಸರಿಯಾಗಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಅವಸರ ಬೇಡ.

ಸ್ಮಿರ್ನೋವ್ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಲಿಲ್ಲೆಹ್ಯಾಮರ್ ಆದ ಮರುವರ್ಷ, 31ನೇ ವಯಸ್ಸಿನಲ್ಲಿ, ಕೆನಡಾದ ಥಂಡರ್ ಬೇಯಲ್ಲಿ ಮೂರು ವಿಶ್ವ ಚಾಂಪಿಯನ್‌ಷಿಪ್ ಚಿನ್ನ ಗೆದ್ದರು. 10 ಕಿ.ಮೀ., 30 ಕಿ.ಮೀ., ಮತ್ತೆ ಅದೇ ಬೆನ್ನಟ್ಟುವ ಓಟ. 1998ರ ನಾಗಾನೊದಲ್ಲಿ ಒಂದು ಕಂಚು. ಅವರ ಮುಂದೆ ಇದ್ದ ಇಬ್ಬರೂ ನಾರ್ವೆಯವರು, ಒಬ್ಬರು ಡೇಲಿ. ಒಲಿಂಪಿಕ್ಸ್‌ನಲ್ಲಿ ಒಟ್ಟು ಏಳು ಪದಕ. ಒಂದು ಚಿನ್ನ, ನಾಲ್ಕು ಬೆಳ್ಳಿ, ಎರಡು ಕಂಚು. ಆಮೇಲೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರೂ ಆಗಿದ್ದರು.


ಗುಡಿಬಂಡೆ ಪಿಟಿ ಮೇಷ್ಟ್ರು:

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರಿಗೂ ಒಟ್ಟಿಗೆ ಉತ್ತರ.

ಚಿಂತಾಮಣಿ ಅಕ್ಕನವರೇ, ನೀವು ಬರೆದ ಮರುದಿನವೇ ಅವಳ ಮನೆಗೆ ಹೋದೆ, ನಮ್ಮ ವಿಜ್ಞಾನ ಟೀಚರ್ ಮೇಡಂ ಅವರನ್ನೂ ಕರೆದುಕೊಂಡು. ಅವಳ ಅಮ್ಮ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದರು. ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತಿತ್ತು. ಬೆಳಗ್ಗೆ ಏನು ತಿಂದು ಬರುತ್ತಾಳೆ ಅಂತ ಮೇಡಂ ಕೇಳಿದರು. ಒಂದು ಲೋಟ ಟೀ. ಬೇರೆ ಏನೂ ಇಲ್ಲ. ಮೂರು ವರ್ಷ ನಾನು ಅವಳ ಟೈಮಿಂಗ್ ಬರೆದಿಟ್ಟಿದ್ದೇನೆ, ಇದನ್ನು ಒಂದು ದಿನವೂ ಕೇಳಿರಲಿಲ್ಲ. ಅಲ್ಲಿ ನಿಂತಾಗ ನನಗೆ ತುಂಬಾ ನಾಚಿಕೆಯಾಯಿತು.

ರಕ್ತ 9.8 ಇದೆ. ನೀಲಿ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಅಂತ ಇಷ್ಟು ದಿನ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಬಿಸಾಡುತ್ತಿದ್ದಳಂತೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ತೊಳಸದೆ ಇರುತ್ತದಾ? ಆರೋಗ್ಯ ಕೇಂದ್ರದಲ್ಲಿ ದಿನಾ ತೆಗೆದುಕೊಳ್ಳಲು ಬೇರೆ ಮಾತ್ರೆ ಬರೆದುಕೊಟ್ಟಿದ್ದಾರೆ, ಊಟ ಆದ ಮೇಲೆ. ಬೆಳಗ್ಗೆ ಸೊಪ್ಪು ಕೊಯ್ಯಲು ಅಣ್ಣ ಹೋಗುತ್ತಾನೆ ಅಂತ ಅಮ್ಮನೇ ತೀರ್ಮಾನ ಮಾಡಿದರು. ಇವಳು ಎದ್ದು ರಾಗಿ ಅಂಬಲಿ ಕುಡಿದು ಬರುತ್ತಾಳೆ.

ಡಾಕ್ಟರ್ ಸಾರ್, ನಿಮ್ಮ ಹಾಳೆ ಪರೀಕ್ಷೆ ಕ್ಲಾಸಿನಲ್ಲಿ ಮಾಡಿ ತೋರಿಸಿದೆ. ಸ್ಕೀ ಎಲ್ಲಿ ತರಲಿ? ಬಿದಿರಿನ ದಬ್ಬೆಯೊಂದನ್ನು ಸೀಳಿ, ನಡು ಸ್ವಲ್ಪ ಮೇಲೆ ಬರುವ ಹಾಗೆ ಬಾಗಿಸಿ, ನೆಲದ ಮೇಲಿಟ್ಟು, ಕೆಳಗೆ ನೋಟ್‌ಬುಕ್ಕಿನ ಹಾಳೆ ತೂರಿಸಿದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಕಾಲಿಟ್ಟರು. ಒತ್ತಿದರೆ ಹಾಳೆ ಕಚ್ಚಿಕೊಂಡಿತು, ಬಿಟ್ಟರೆ ಜಾರಿತು. ಎಂಟನೇ ಕ್ಲಾಸಿನ ಹುಡುಗರು ಒತ್ತು, ಜಾರು ಅಂತ ಸಂಜೆವರೆಗೂ ಕೂಗಿಕೊಂಡು ಓಡಾಡಿದರು. ನಮ್ಮ ಹುಡುಗಿಯೂ ಹಿಂದಿನ ಬೆಂಚಿನಿಂದ ಎದ್ದು ಬಂದು ಕಾಲಿಟ್ಟಳು. ಆಮೇಲೆ ಚಿತ್ರ ಕೇಳಿದಳು. ನೋಟ್‌ಬುಕ್ ಕೊಟ್ಟೆ. ತುಂಬಾ ಹೊತ್ತು ನೋಡಿದಳು.

ಫಾಲುನ್ ವಿಷಯ ಹೇಳಿದೆ. ಚೀಟಿ ಬದಲಾದ ಹಾಗೆ ಅಂತ ನಾನು ಹೇಳಲಿಲ್ಲ, ಅವಳೇ ಹೇಳಿದಳು. "ಅವರಿಗೆ ಫೋಟೊ ತೋರಿಸಿದರಾ ಸಾರ್?" ಅಂತ ಕೇಳಿದಳು. ಫೋಟೊ ನೋಡಿಯೇ ತೀರ್ಪು ಕೊಟ್ಟಿದ್ದು ಅಂದೆ. "ನನಗೆ ಯಾರೂ ತೋರಿಸಲಿಲ್ಲ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ತಾಲ್ಲೂಕು ಕೂಟಕ್ಕೆ ಗೆರೆಯ ಪಕ್ಕ ಮೊಬೈಲ್ ಸ್ಟ್ಯಾಂಡ್ ಇಟ್ಟು ವಿಡಿಯೊ ಮಾಡಿಸೋಣ ಅಂತ ಉಳಿದ ಪಿಟಿ ಮೇಷ್ಟ್ರುಗಳ ಜೊತೆ ಮಾತಾಡಿದ್ದೇನೆ. ನಾಲ್ಕು ಜನ ಒಪ್ಪಿದ್ದಾರೆ. ದೊಡ್ಡ ಕೂಟದ ಹಾಗೆ ಆಗುವುದಿಲ್ಲ, ಆದರೆ ಮಗು ಕೇಳಿದರೆ ತೋರಿಸಲು ಏನಾದರೂ ಇರುತ್ತದೆ.

ಹವಾಲ್ದಾರ್ ಸಾರ್, ಬೆಟ್ಟ ಹತ್ತಿಸುವುದು ರಕ್ತ ಸರಿಯಾದ ಮೇಲೆ. ಈಗ ನಿಧಾನದ ಓಟ ಮಾತ್ರ. ನೀವು ಹೇಳಿದ ಕೊಡಗಿನ ಭವಾನಿ ಅವರ ಹೆಸರು ಬೋರ್ಡಿನ ಮೇಲೆ ಬರೆದಿದ್ದೇನೆ, ಇನ್ನೂ ಅಳಿಸಿಲ್ಲ.

ಮೊನ್ನೆ ಶನಿವಾರ ಕೆರೆ ಏರಿಯ ಮೇಲೆ ಆರು ಮಕ್ಕಳನ್ನು 30 ಸೆಕೆಂಡಿಗೆ ಒಬ್ಬರಂತೆ ಬಿಟ್ಟೆ. ಏರಿ ತಿರುಗುವ ಕಡೆ ಹುಣಸೆ ಮರದ ಹತ್ತಿರ ಒಬ್ಬ ಹುಡುಗನನ್ನು ವಾಚು ಕೊಟ್ಟು ನಿಲ್ಲಿಸಿದ್ದೆ. ಅವನ ಕೆಲಸ ಕೂಗುವುದು. ನಮ್ಮವಳನ್ನು ಕೊನೆಯಲ್ಲಿ ಬಿಟ್ಟೆ, ಜೋರಾಗಿ ಬೇಡ, ಮಾತಾಡಿಕೊಂಡು ಓಡುವ ವೇಗ ಸಾಕು ಅಂತ ಹೇಳಿ. ಮುಗಿಸಿ ಬಂದಾಗ ಏದುಸಿರಿರಲಿಲ್ಲ. "ಪಕ್ಕದಲ್ಲಿ ಯಾರ ಹೆಜ್ಜೆ ಸದ್ದೂ ಇಲ್ಲ ಸಾರ್, ಎಷ್ಟು ಆರಾಮ" ಅಂದಳು. ಆಮೇಲೆ 3000 ಮೀಟರ್ ಅಂದರೆ ಶಾಲೆ ಮೈದಾನದಲ್ಲಿ ಎಷ್ಟು ಸುತ್ತು ಅಂತ ಕೇಳಿದಳು. ನಮ್ಮದು 200 ಮೀಟರಿನ ಟ್ರ್ಯಾಕು. ಹದಿನೈದು ಅಂದೆ.

ಈ ವಾರ ಅಭ್ಯಾಸ ಇಲ್ಲ. ಹುಳು ಹಣ್ಣಾಗಿದೆ, ಮನೆಯವರೆಲ್ಲ ಸೇರಿ ಗೂಡು ಕಟ್ಟಲು ಚಂದ್ರಿಕೆ ತಟ್ಟೆಗಳಿಗೆ ಬಿಡುತ್ತಿದ್ದಾರೆ. ಗೂಡು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋದ ಮೇಲೆ ಬರುತ್ತೇನೆ ಅಂತ ಅವಳೇ ಹೇಳಿ ಹೋಗಿದ್ದಾಳೆ. ನೋಟ್‌ಬುಕ್ಕೂ ಅವಳ ಹತ್ತಿರವೇ ಇದೆ.